ಸೆರಗಿನ ಗಂಟು

ಗದಗಿನ ಕಡೆಯ ಬಸುರಿ. ಎಂಟನೇ ತಿಂಗಳು. ಹುಬ್ಬಳ್ಳಿಯ ನಮ್ಮ ಹೆರಿಗೆ ವಾರ್ಡಿಗೆ ಬಂದಾಗ ಹೊಟ್ಟೆ ಕಿವುಚುವ ನೋವು, ಭೇದಿ. ಕಣ್ಣು ಮೂಗು ಸುರಿಯುತ್ತಿದ್ದವು. ಮೈಮೇಲೆ ಮುಳ್ಳು. ಮತ್ತೆ ಮತ್ತೆ ಆಕಳಿಕೆ. ಇಷ್ಟು ವರ್ಷ ನರ್ಸ್ ಆಗಿದ್ದರೂ ಆ ಆಕಳಿಕೆಯ ಅರ್ಥ ನನಗೆ ಹೊಳೆಯಲಿಲ್ಲ.

ಸೀರೆ ಬದಲಿಸುವಾಗ ಸೆರಗಿನ ಗಂಟಿನಿಂದ ಖಾಲಿ ಗುಳಿಗೆ ಪಟ್ಟಿ ಬಿತ್ತು. ಟ್ರಮಡಾಲ್, ಅಫೀಮಿನ ಹಾಗೆ ಚಟ ಹಿಡಿಸುವ ನೋವಿನ ಗುಳಿಗೆ. "ಹೊಟ್ಯಾಗ ಕೂಸ ಇಟಗೊಂಡು ಇದನ್ನ ನುಂಗ್ತೀಯೇನ? ನೀ ತಾಯಿ ಏನ?" ಎಂದು ಒದರಿದೆ. ಬಾಗಿಲಲ್ಲಿದ್ದ ಅತ್ತೆಗೆ ವಿಷಯ ತಿಳಿದದ್ದೇ ನನ್ನ ಬಾಯಿಂದ. ಅವಳು ಗೋಡೆಯ ಕಡೆ ಹೊರಳಿದಳು.

ರಾತ್ರಿ ಕಾಲು ಒತ್ತುತ್ತ ಕೂತಾಗ ಹೇಳಿದಳು: "ಬಿಟ್ಟು ಮೂರು ದಿನ ಆತ್ರಿ ಅಕ್ಕಾರ. ಕೂಸಿಗೆ ಏನರ ಆದೀತಂತ ಬಿಟ್ಟೇನಿ." ಆ ಆಕಳಿಕೆ, ಭೇದಿ, ನೋವು ಎಲ್ಲ ಗುಳಿಗೆ ಬಿಟ್ಟದ್ದರ ಸಂಕಟ.

ಎರಡು ವರ್ಷದ ಹಿಂದೆ ಸೊಂಟನೋವಿಗೆಂದು ಒಂದು, ಈಗ ದಿನಕ್ಕೆ ಹತ್ತು. 2018ರಲ್ಲೇ ಮಾದಕವಸ್ತು ಕಾಯ್ದೆಯೊಳಗೆ ಬಂದ ಗುಳಿಗೆ ಅವಳಿಗೆ ಚೀಟಿ ಇಲ್ಲದೆ ಸಿಗುತ್ತಿತ್ತು. ಸಿಟ್ಟು ಮಾಡಬೇಕಾದದ್ದು ಅಲ್ಲಿ.

ಕೂಸಿಗಾಗಿ ಬಿಟ್ಟಿದ್ದಳು, ಒಮ್ಮೆಲೇ ಬಿಟ್ಟದ್ದೇ ಕೂಸಿಗೆ ಗಂಡಾಂತರವಾಗಿತ್ತು. ದಿನ ತುಂಬುವ ಮೊದಲೇ ಹೆರಿಗೆ ನೋವು ಬರಬಹುದು, ಒಳಗಿನ ಜೀವ ಬಸವಳಿಯಬಹುದು. ಆ ರಾತ್ರಿಯೇ ಡಾಕ್ಟರಿಗೆ ಹೇಳಿದೆ. ಮನೋವೈದ್ಯರು ಬಿಟ್ಟದ್ದರ ಸಂಕಟ ತಡೆಯಲು ಅದೇ ಜಾತಿಯ, ನಾಲಿಗೆ ಕೆಳಗಿಡುವ ಬುಪ್ರೆನಾರ್ಫಿನ್ ಗುಳಿಗೆ ಶುರುಮಾಡಿದರು. "ಒಂದ ಚಟ ಬಿಡಿಸಿ ಇನ್ನೊಂದ ಹಚ್ಚೂದೇನ್ರಿ?" ಎಂದರು ಅತ್ತೆ. "ನೀವು ಬಿಪಿ ಗುಳಿಗಿ ದಿನಾ ತಗೊಳ್ಳೂದಿಲ್ಲೇನ್ರಿ ಅಮ್ಮಾರ? ಇದೂ ಹಂಗ" ಎಂದೆ. ಪೂರ್ತಿ ಒಪ್ಪಲಿಲ್ಲ. ಆದರೂ ಮುಂದೆ ಸೊಸೆಯನ್ನು ಚಿಗರಿ ಬಸ್ಸಿನಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸಿಗೆ ಕರೆದೊಯ್ದವರು ಅವರೇ.

ದಿನ ತುಂಬಿಯೇ ಹೆಣ್ಣುಮಗು ಹುಟ್ಟಿತು. ಎರಡನೇ ದಿನ ಕೀರಲು ಅಳು, ಕೈಕಾಲು ನಡುಕ, ಸೀನಿನ ಮೇಲೆ ಸೀನು. ಅತ್ತೆ "ದೃಷ್ಟಿ ಆಗೇತಿ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು, ನಾನು ತಡೆಯಲಿಲ್ಲ. ದೀಪ ಆರಿಸಿ, ಕಿಟಕಿಗೆ ಸೀರೆ ಕಟ್ಟಿ, ಕೂಸನ್ನು ಸುತ್ತಿ ತಾಯಿಯ ಎದೆಗೆ ಕೊಟ್ಟೆವು. ಕೆಲವು ತಾಸಿಗೊಮ್ಮೆ ನಡುಕ, ನಿದ್ದೆ, ಹಾಲು ಕುಡಿಯುವುದನ್ನು ನೋಡಿ ಅಂಕ ಬರೆಯುತ್ತಿದ್ದೆ. ಔಷಧಿ ಬೇಕಾಗಲಿಲ್ಲ.

"ನನ್ನಿಂದಾನ ಹಿಂಗೇನ್ರಿ?"

"ಗುಳಿಗಿದು ತಂಗಿ. ಹೊಟ್ಯಾಗ ಸಿಗತಿತ್ತು, ಈಗ ಸಿಗವಲ್ದು, ಅದಕ್ಕ. ಇಳೀತದ. ಅವತ್ತ ನಾ ಹಂಗ ಒದರಬಾರದಿತ್ತು."

ಅವಳು ಏನೂ ಅನ್ನಲಿಲ್ಲ. ನಾಲ್ಕನೇ ರಾತ್ರಿ ಕೂಸನ್ನು ನನ್ನ ಕೈಗಿಟ್ಟಳು. "ಒಂದ ತಾಸು ಹಿಡಕೊಳ್ರಿ ಅಕ್ಕಾರ, ಕಣ್ಣ ಮುಚ್ಚತೇನಿ."