ಮೈಸೂರಲ್ಲಿ ಹಾಟ್ ಯೋಗ ಕ್ಲಾಸ್ ಹುಡುಕ್ತಿದ್ರೆ ಮೊದ್ಲು ಬಾಗಿಲು ನೋಡಿ

ಯೋಗ ಕ್ಲಾಸಿಗೆ ಮೈಸೂರಲ್ಲಿ ಬರ ಇಲ್ಲ ಬಿಡಿ. ಗೋಕುಲಂ ಕಡೆ ಸುಮ್ನೆ ಒಂದ್ ರೌಂಡ್ ಹೋದ್ರೆ ಸಾಕು, ಎಲ್ಲಿ ನೋಡಿದ್ರೂ ಯೋಗ ಶಾಲೆ ಬೋರ್ಡು, ಎಳನೀರು ಅಂಗಡಿ ಮುಂದೆ ಮ್ಯಾಟ್ ಹೆಗಲಿಗೆ ಹಾಕ್ಕೊಂಡು ನಿಂತಿರೋ ಫಾರಿನರ್ಸು. ಆದ್ರೆ ಹೀಟರ್ ಹಾಕಿ ಮಾಡಿಸೋ ಚಿಕ್ಕ ಸ್ಟುಡಿಯೋ, ಅದೂ ಆಫೀಸಿಗೆ ಹೋಗೋರಿಗೆ ಹೊಂದೋ ಟೈಮಲ್ಲಿ, ಅಂದ್ರೆ ಅದು ಬೇರೆನೇ ಕಥೆ. ಹುಡುಕಾಟ ಮುಗ್ದು ಒಂದ್ ಕಡೆ ಸೇರಿದ್ಮೇಲೆ ಫ್ರೆಂಡ್ಸ್ ಎಲ್ಲಾ ಫೋನ್ ಮಾಡಿ ಕೇಳ್ತಾನೇ ಇದಾರೆ, ಒಬ್ಬೊಬ್ರಿಗೂ ಹೇಳೋ ಬದ್ಲು ಇಲ್ಲೇ ಬರೆದ್ಬಿಡ್ತೀನಿ.

ನಮ್ಮತ್ತೆ ಅಂತೂ "ಬೆವರೋಕೂ ದುಡ್ಡು ಕೊಡ್ಬೇಕೇನಮ್ಮಾ ಈಗ?" ಅಂದ್ರು. ನ್ಯಾಯವಾದ ಪ್ರಶ್ನೆನೇ. ನಂದು ದಿನವೆಲ್ಲಾ ಕಂಪ್ಯೂಟರ್ ಮುಂದೆ ಕೂರೋ ಕೆಲಸ, ಡಿಸೆಂಬರ್ ಜನವರಿ ಬೆಳಗಿನ ಚಳೀಲಿ ಬಗ್ಗಿದ್ರೆ ಸೊಂಟ ಮಾತೇ ಕೇಳಲ್ಲ, ರೂಮ್ ಬೆಚ್ಚಗಿದ್ರೆ ಮೈ ಬೇಗ ಸಡಿಲ ಆಗುತ್ತೆ, ಅಷ್ಟೇ ನನ್ ಕಾರಣ.

ಇನ್ನೊಂದು ತಮಾಷೆ ಏನಂದ್ರೆ ಈ ಹೀಟರ್ ಯೋಗಕ್ಕೂ ನಮ್ಮೂರಿಗೂ ಅಷ್ಟು ಸಂಬಂಧ ಇಲ್ಲ. ಅದನ್ನ ಅಮೆರಿಕಾದಲ್ಲಿ ಫೇಮಸ್ ಮಾಡಿದ್ದು ಕೋಲ್ಕತಾ ಮೂಲದ ಬಿಕ್ರಮ್ ಚೌಧುರಿ, 26 ಆಸನ, 2 ಉಸಿರಾಟದ ಅಭ್ಯಾಸ, 90 ನಿಮಿಷ, ರೂಮಲ್ಲಿ ಸುಮಾರು 40 ಡಿಗ್ರಿ, ತೇವಾಂಶ ಶೇಕಡಾ 40, ಎಲ್ಲಾ ಲೆಕ್ಕಾಚಾರ. ಆ ಆಸನಗಳ ಸಾಲಿಗೇ ಕಾಪಿರೈಟ್ ಬೇಕು ಅಂತ ಕೋರ್ಟಿಗೂ ಹೋದ್ರು, 2015ರಲ್ಲಿ ಅಲ್ಲಿನ ಅಪೀಲ್ ಕೋರ್ಟು ಆಗಲ್ಲ ಅಂತು. ಮೈಸೂರಿನ ದಾರಿ ಬೇರೆ. ನಾಲ್ವಡಿಯವರ ಕಾಲದಲ್ಲಿ ಜಗನ್ಮೋಹನ ಅರಮನೇಲಿ ಯೋಗ ಗುರು ಕೃಷ್ಣಮಾಚಾರ್ಯರು ಹೇಳ್ಕೊಟ್ಟಿದ್ದಾಗ್ಲಿ, ಆಮೇಲೆ ಲಕ್ಷ್ಮೀಪುರಂನ ಒಂದು ಪುಟ್ಟ ರೂಮಲ್ಲಿ ಅವರ ಶಿಷ್ಯ ಪಟ್ಟಾಭಿ ಜೋಯಿಸರು ಒಂದ್ಸಲಕ್ಕೆ ಹತ್ತು ಹನ್ನೆರಡು ಜನರನ್ನ ಇಟ್ಕೊಂಡು ಮಾಡಿಸಿದ್ದಾಗ್ಲಿ, ಅಲ್ಲಿ ಹೀಟರ್ ಎಲ್ಲಿಂದ ಬರ್ಬೇಕು, ಉಸಿರಿಂದ ಮತ್ತೆ ಮೈ ಬಿಸಿಯಿಂದ್ಲೇ ರೂಮ್ ಬೆಚ್ಚಗಾಗ್ತಿತ್ತು. ಇದನ್ನ ಯಾಕೆ ಹೇಳ್ದೆ ಅಂದ್ರೆ, "ಇದು ಮೈಸೂರಿನ ಪ್ರಾಚೀನ ಹಾಟ್ ಯೋಗ" ಅಂತ ಯಾರಾದ್ರೂ ಪಾಂಪ್ಲೆಟ್ ಕೊಟ್ರೆ ಅಲ್ಲಿಂದ್ಲೇ ವಾಪಸ್ ಬನ್ನಿ ಅಂತ.

ಈಗ ಬಾಗಿಲಿನ ವಿಷ್ಯ. ನಾನು ನೋಡಿದ ಒಂದು ಕಡೆ (ಹೆಸರು ಬೇಡ) ಇನ್‌ಸ್ಟ್ರಕ್ಟರ್ ಹೇಳಿದ್ದು, "ಕ್ಲಾಸ್ ಶುರುವಾದ್ಮೇಲೆ ಡೋರ್ ತೆಗ್ಯಲ್ಲ ಮೇಡಂ, ಹೀಟ್ ಎಲ್ಲಾ ಹೊರಟೋಗುತ್ತೆ."

"ತಲೆ ಸುತ್ತಿದ್ರೆ?"

"ಅಲ್ಲೇ ಮ್ಯಾಟ್ ಮೇಲೆ ಮಲ್ಕೊಳಿ, ಎರಡ್ ನಿಮಿಷಕ್ಕೆ ಸರಿಹೋಗುತ್ತೆ."

ಸರಿಹೋಗದೇ ಇದ್ರೆ? ಬೆವರು ಸುರಿದ್ರೆ ಮೈ ತಣ್ಣಗಾಗಲ್ಲ ಕಣ್ರೀ, ಬೆವರು ಆರಿದ್ರೆ ತಣ್ಣಗಾಗೋದು. ಮುಚ್ಚಿದ ರೂಮಲ್ಲಿ ಹದಿನೈದು ಜನ ಬೆವರ್ತಾ ಇದ್ರೆ ಗಾಳೀಲಿ ತೇವ ಏರ್ತಾನೇ ಹೋಗುತ್ತೆ, ಆಮೇಲೆ ಬೆವರು ಮೈಮೇಲೇ ನಿಲ್ಲುತ್ತೆ, ಒಳಗಿನ ಬಿಸಿ ಹೊರಗೆ ಹೋಗಕ್ಕೆ ದಾರಿನೇ ಇರಲ್ಲ. ಅದಕ್ಕೇ ಬರೀ ಟೆಂಪರೇಚರ್ ಕೇಳಿದ್ರೆ ಸಾಲ್ದು, ತೇವಾಂಶ ಎಷ್ಟು ಅಂತಾನೂ ಕೇಳ್ಬೇಕು, ಎರಡನ್ನೂ ತೋರ್ಸೋ ಚಿಕ್ಕ ಮೀಟರ್ ಗೋಡೆ ಮೇಲಿದ್ರೆ ಅರ್ಧ ನಂಬಿಕೆ ಅಲ್ಲೇ ಬರುತ್ತೆ. ಈಗ ನಾನು ಹೋಗ್ತಿರೋ ಕಡೆ ಮೇಷ್ಟ್ರು ಹೇಳ್ಕೊಡ್ತಾ ಹೇಳ್ಕೊಡ್ತಾನೇ ಆ ಮೀಟರ್ ಕಡೆ ಒಂದ್ ಕಣ್ಣು ಇಟ್ಟಿರ್ತಾರೆ, ಜಾಸ್ತಿ ಆಯ್ತು ಅನ್ಸಿದ್ರೆ ಮಾತು ನಿಲ್ಲಿಸ್ದೇ ನಡ್ಕೊಂಡ್ ಹೋಗಿ ಬಾಗಿಲನ್ನ ಒಂದ್ ಗೇಣು ತೆಗೆದು, ಅದಕ್ಕೆ ಒಂದು ಹಳೇ ಮರದ ಬ್ಲಾಕ್ ಒತ್ತು ಕೊಟ್ಟು ವಾಪಸ್ ಬರ್ತಾರೆ. ಆ ಮರದ ಬ್ಲಾಕ್ ನೋಡಿನೇ ನಾನು ಸೇರಿದ್ದು ಅಂದ್ರೂ ತಪ್ಪಿಲ್ಲ.

ಡೆಮೋ ಕ್ಲಾಸಿಗೆ ಹೋಗೋದಾದ್ರೆ ದಿನದ ಮೊದಲ ಬ್ಯಾಚಿಗೆ ಹೋಗ್ಬೇಡಿ, ಆಗ ಎಲ್ಲಾ ಘಮಘಮ ಅಂತಿರುತ್ತೆ, ಊದಿನಕಡ್ಡಿ ಬೇರೆ ಹಚ್ಚಿರ್ತಾರೆ. ಎರಡನೇ ಬ್ಯಾಚ್ ಮುಗಿದ ತಕ್ಷಣ ಒಳಗೆ ಕಾಲಿಡಿ. ಕಾರ್ಪೆಟ್ ಹಾಕಿರೋ ಜಾಗ ಆದ್ರೆ ಮೂಗೇ ಹೇಳುತ್ತೆ, ಅಷ್ಟು ಜನರ ಬೆವರು ಕುಡಿದ ಕಾರ್ಪೆಟ್ಟು ಆರೋದು ಯಾವಾಗ. ಒರೆಸಕ್ಕೆ ಆಗೋ ನೆಲ ಇರ್ಬೇಕು, ಬ್ಯಾಚಿಂದ ಬ್ಯಾಚಿಗೆ ಒರೆಸ್ಬೇಕು, ಮಧ್ಯ ಎಕ್ಸಾಸ್ಟ್ ಫ್ಯಾನ್ ಹಾಕ್ಬೇಕು. ಮ್ಯಾಟ್ ಮಾತ್ರ ನಿಮ್ದೇ ತಗೊಂಡ್ ಹೋಗಿ, ಮೇಲೊಂದು ತೆಳು ಹತ್ತಿ ಜಮಖಾನ ಹಾಸ್ಕೊಂಡ್ರೆ ಕೈ ಜಾರಲ್ಲ. ಹೀಟರಲ್ಲೂ ವ್ಯತ್ಯಾಸ ಇದೆ. ಬ್ಲೋವರ್ ಆದ್ರೆ ಬಿಸಿಗಾಳಿ ಮೇಲಕ್ಕೇರಿ ನಿಂತಾಗ ಮುಖ ಸುಡುತ್ತೆ, ಶವಾಸನದಲ್ಲಿ ಬೆನ್ನು ತಣ್ಣಗೆ; ಇನ್‌ಫ್ರಾರೆಡ್ ಪ್ಯಾನೆಲ್ ಆದ್ರೆ ನೇರವಾಗಿ ಮೈಗೇ ಬಿಸಿ ತಾಗುತ್ತೆ, ಆದ್ರೆ ಅದರ ಕೆಳಗೇ ಜಾಗ ಸಿಕ್ಕಿದ್ರೆ ಹಂಚಿನ ಮೇಲೆ ಕೂತಂಗೆ.

ಚಿಕ್ಕ ಸ್ಟುಡಿಯೋನೇ ಯಾಕೆ ಅಂದ್ರೆ, ಬಿಸೀಲಿ ಮೈ ಸುಳ್ಳು ಹೇಳುತ್ತೆ. ದಿನಾ ಬರೀ ಮೊಣಕಾಲು ಮುಟ್ಟೋ ಕೈ ಅವತ್ತು ಪಾದ ಮುಟ್ಟುತ್ತೆ, ಖುಷೀಲಿ ಇನ್ನೂ ಎಳೀತೀವಿ, ತೊಡೆ ಹಿಂದೆ, ಕೂತಾಗ ನೆಲಕ್ಕೆ ತಾಗೋ ಮೂಳೆ ಹತ್ರ ಹಿಡ್ಕೊಂಡಿದ್ದು ಗೊತ್ತಾಗೋದು ಮಾರನೇ ದಿನ ಗಾಡಿ ಹತ್ತುವಾಗ. ಅಂಥ ಟೈಮಲ್ಲಿ "ಸಾಕು, ಅಲ್ಲೇ ನಿಲ್ಲಿ" ಅನ್ನೋರು ಬೇಕು. ಮೂವತ್ತು ಜನರ ಹಾಲಲ್ಲಿ ಹಿಂದಿನ ಸಾಲಿನೋರನ್ನ ಯಾರೂ ನೋಡಲ್ಲ, ಹತ್ತು ಜನ ಇದ್ರೆ ತಪ್ಪಿಸ್ಕೊಳೋಕ್ಕೇ ಆಗಲ್ಲ. "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅಂತ ಮೇಲೆ ಬಂದು ಒತ್ತೋ ಮೇಷ್ಟ್ರು ಸಿಕ್ಕಿದ್ರೆ ದೂರದಿಂದ್ಲೇ ನಮಸ್ಕಾರ ಮಾಡಿ. ಮತ್ತೆ ಸೇರೋಕೆ ಮುಂಚೆ ಬಿಪಿ ಇದೆಯಾ, ಹಾರ್ಟ್ ತೊಂದ್ರೆ ಇದೆಯಾ, ಪ್ರೆಗ್ನೆಂಟಾ, ಏನ್ ಮಾತ್ರೆ ತಗೋತೀರಾ ಅಂತ ಅವರೇ ಕೇಳ್ಬೇಕು. ಕೇಳ್ದೆ ಮೊದ್ಲು ಗೂಗಲ್ ಪೇ ಸ್ಕ್ಯಾನರ್ ತೋರ್ಸಿದ್ರೆ ಅರ್ಥ ಮಾಡ್ಕೊಳಿ. ಇದ್ಯಾವ್ದಾದ್ರೂ ಇರೋರು ಡಾಕ್ಟ್ರನ್ನ ಕೇಳ್ದೆ ಈ ಬಿಸಿ ಸಹವಾಸಕ್ಕೆ ಹೋಗ್ಲೇಬೇಡಿ.

ಡಿಟಾಕ್ಸ್ ಅಂತ ಬೋರ್ಡ್ ಹಾಕಿರ್ತಾರಲ್ಲ, ಅದನ್ನ ಓದಿ ಮುಂದೆ ಹೋಗಿ. ಬೆವರಲ್ಲಿ ಹೋಗೋದು ಹೆಚ್ಚು ಕಮ್ಮಿ ನೀರು ಮತ್ತೆ ಉಪ್ಪು, ಮೈ ಕ್ಲೀನ್ ಮಾಡೋ ಕೆಲಸ ಲಿವರ್ ಕಿಡ್ನೀದು. ಹಂಗಂತ ಕ್ಲಾಸ್ ಮುಗಿದ ಕೂಡ್ಲೇ ಲೀಟರ್‌ಗಟ್ಲೆ ಬರೀ ನೀರು ಸುರ್ಕೊಳೋದೂ ಒಳ್ಳೇದಲ್ಲ, ಉಪ್ಪೂ ಹೋಗಿರುತ್ತಲ್ಲ, ನೀರು ಮಜ್ಜಿಗೆಗೆ ಒಂದ್ ಚಿಟಿಕೆ ಉಪ್ಪು ಹಾಕಿ ಬಾಟ್ಲಿಗೆ ತುಂಬ್ಕೊಂಡ್ ಹೋದ್ರೆ ಆಯ್ತು.

ದೂರ, ಫೀಸು ಬಗ್ಗೆ ಜಾಸ್ತಿ ಹೇಳೋದಿಲ್ಲ. ಮನೆಯಿಂದ ಹತ್ತು ನಿಮಿಷ ದಾಟಿದ್ರೆ ನಾಲ್ಕನೇ ವಾರಕ್ಕೆ ನೆಪ ಶುರುವಾಗುತ್ತೆ, ಬೆವರಿದ ಬಟ್ಟೇಲಿ ಚಳಿಗಾಳಿಗೆ ಸ್ಕೂಟಿ ಓಡಿಸೋದೂ ಕಷ್ಟ. ವರ್ಷದ್ದು ಒಟ್ಟಿಗೆ ಕಟ್ಟಿ ಡಿಸ್ಕೌಂಟ್ ಅಂದ್ರೆ ಬೇಡ, ತಿಂಗಳು ತಿಂಗಳು ಕಟ್ಟಿ. ಕರೆಂಟ್ ಹೋದ್ರೆ ಏನ್ ಮಾಡ್ತೀರಾ ಅಂತಾನೂ ಕೇಳಿಡಿ, ಯುಪಿಎಸ್ಸಲ್ಲಿ ಲೈಟ್ ಉರಿಯುತ್ತೆ, ಹೀಟರ್ ಓಡಲ್ಲ.

ಸದ್ಯ ನನ್ ಕ್ಲಾಸ್ ಇರೋದು ಕುವೆಂಪುನಗರದಲ್ಲಿ ಒಂದು ಮನೆ ಮಹಡಿ ಮೇಲಿನ ರೂಮಲ್ಲಿ, 35 ಡಿಗ್ರಿ ದಾಟ್ಸಲ್ಲ, ಶೋಕಿ ಏನೂ ಇಲ್ಲ, ಬಟ್ಟೆ ಬದ್ಲಾಯಿಸಕ್ಕೆ ಇರೋದು ಒಂದೇ ಬಾತ್‌ರೂಮು, ಅದರ ಮುಂದೆ ದಿನಾ ಕ್ಯೂ. ಮಾರ್ಚ್ ಬಂದ್ರೆ ಹೀಟರ್ ಬಂದ್ ಅಂತೆ, ಏಪ್ರಿಲ್ ಮೇ ಮೈಸೂರೇ ಹೀಟರ್ ಅಲ್ವಾ, ಕಿಟಕಿ ತೆಗೆದು ಮಾಮೂಲಿ ಕ್ಲಾಸು. ಹಂಗಾದ್ರೆ ಆ ತಿಂಗಳು ನಿಮ್ಗೆ ಕರೆಂಟ್ ಬಿಲ್ ಉಳಿಯುತ್ತಲ್ಲ ಸಾರ್, ಫೀಸ್ ಕಮ್ಮಿ ಮಾಡಿ ಅಂದೆ. "ಆಸನ ಅಷ್ಟೇ ಇರುತ್ತಲ್ಲಮ್ಮ" ಅಂದ್ರು. ಬಿಡ್ತೀನಾ, ಇನ್ನೂರು ರೂಪಾಯಿ ಇಳಿಸ್ದೆ.