ಬೈಲಹೊಂಗಲದ ಕಟ್ಟೆ ಮೇಲೆ ಸಿಯಾಚಿನ್

ಅಕ್ಕನ ಮಗ ಸೈನ್ಯ ಸೇರಿದ್ದಾನೆ; ತರಬೇತಿ ಮುಗಿಸಿದ ಹುಡುಗರು ಪ್ರಮಾಣ ಮಾಡೋ ಅವನ ಕಸಮ್ ಪರೇಡ್ ನೋಡೋಣ ಅಂತ ಜನವರಿ ಕೊನೆಗೆ ಬೆಳಗಾವಿಗೆ ಹೋಗಿದ್ದೆ. ಪರೇಡು, ರಜೆ, ಅವನು ಯುನಿಟ್‌ಗೆ ಹೊರಡೋದು ಎಲ್ಲಾ ಸೇರಿ ಎರಡು ವಾರ ಅಲ್ಲೇ ಉಳಿದೆ. ಈಗ ಬರೆಯೋಕೆ ಕೂತರೆ ಮನಸ್ಸು ಸೀದಾ ಒಂದೇ ಕಡೆ ಹೋಗುತ್ತೆ. ಬೈಲಹೊಂಗಲದಿಂದ ಸ್ವಲ್ಪ ಒಳಗಿರುವ ಹಳ್ಳಿ, ಒಂದು ಮನೆಯ ಮುಂದಿನ ಕಟ್ಟೆ, ಅಲ್ಲಿ ಕೂತು ಕೇಳಿದ ಮಾತು.

ಅದಕ್ಕೆ ಮೊದಲು ಬಸ್ಸಿನ ವಿಷಯ ಹೇಳಲೇಬೇಕು, ಇನ್ನೂ ಹೊಟ್ಟೆ ಉರಿಯುತ್ತೆ. ಬೆಂಗಳೂರಿನಿಂದ ಖಾಸಗಿ ಸ್ಲೀಪರ್ ಬಸ್ಸಿಗೆ ಟಿಕೆಟ್ ಮಾಡಿಸಿದ್ದೆ. ಹೊರಟಿದ್ದೇ ಎರಡು ಗಂಟೆ ತಡ. ಊರೊಳಗೆ ಬಿಡ್ತೀವಿ ಅಂದವರು ಬೆಳಗ್ಗೆ ಏಳೂವರೆಗೆ ಹೈವೇ ಬದಿಯಲ್ಲಿ ಇಳಿಸಿ ಹೋಗಿಬಿಟ್ಟರು. ಆಟೋ ಹುಡುಕಿ, ಕ್ಯಾಂಪ್ ಮುಟ್ಟಿ, ಗೇಟಿನಲ್ಲಿ ಆಧಾರ್ ತೋರಿಸಿ ಒಳಗೆ ಓಡುವಷ್ಟರಲ್ಲಿ ಹುಡುಗರು ಪ್ರಮಾಣ ಮಾಡಿ ಮುಗಿಸಿದ್ದರು. ಐನೂರು ಕಿಲೋಮೀಟರ್ ಬಂದಿದ್ದೇ ಆ ಒಂದು ಕ್ಷಣಕ್ಕೆ. ನೀವು ಇಂಥ ಪರೇಡ್‌ಗೆ ಹೋಗೋದಾದರೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದರೆ ಊರೊಳಗೇ ಇಳಿಯಬಹುದು. ಗುರುತಿನ ಚೀಟಿ ಅಸಲೇ ಇರಲಿ, ಜೆರಾಕ್ಸ್ ನಂಬಬೇಡಿ.

ಉಳಿದ ಪರೇಡ್ ನೋಡಿದೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರೋದು ಬೆಳಗಾವಿಯಲ್ಲೇ. ಈ ರೆಜಿಮೆಂಟಿನ ಮೊದಲ ಪಲ್ಟನ್ ಹುಟ್ಟಿದ್ದು 1768ರಲ್ಲಿ. ಹೆಸರು ಮರಾಠಾ ಆದರೂ ನಮ್ಮ ಕಡೆಯ ಕನ್ನಡದ ಹುಡುಗರೂ ಇದರಲ್ಲಿದ್ದಾರೆ. ಪರೇಡ್ ಮುಗಿದ ಮೇಲೆ ಅಪ್ಪ ಅಮ್ಮಂದಿರಿಗೆ ಗೌರವ ಪದಕ ಹಾಕಿದರು. ಅಕ್ಕನ ಇಳಕಲ್ ಸೀರೆಯ ಸೆರಗಿನ ಮೇಲೆ ಅದು ಹೊಳೀತಾ ಇತ್ತು. ಬಸ್ಸಿನಲ್ಲಿ ಬೈಲಹೊಂಗಲ ಮುಟ್ಟೋವರೆಗೂ ತೆಗೆಯಲಿಲ್ಲ ಅವಳು.

ಮಧ್ಯದ ದಿನಗಳಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಗೋಕಾಕ ಜಲಪಾತಕ್ಕೆ ಹೋಗಿದ್ವಿ. ಘಟಪ್ರಭೆಯಲ್ಲಿ ನೀರೇ ಇರಲಿಲ್ಲ, ಬರೀ ಬಂಡೆ. ಮಳೆಗಾಲ ಬಿಟ್ಟು ಹೋಗಬೇಡಿ. ಬೆಳಗಾವಿ ಕುಂದಾ ತಿಂದೆ. ಅದರ ಮುಂದೆ ನನಗೆ ಯಾವ ಪೇಡಾನೂ ಬೇಡ. ಬೈಲಹೊಂಗಲದಲ್ಲಿ ಕಿತ್ತೂರು ಚೆನ್ನಮ್ಮನ ಸಮಾಧಿಗೆ ಹೋಗಿ ಕೈ ಮುಗಿದು ಬಂದೆ.

ಭಾವನ ಊರಿನಲ್ಲಿ ಒಬ್ಬರು ನಿವೃತ್ತ ಸುಬೇದಾರ್ ಇದ್ದಾರೆ. ಊರಿನವರೆಲ್ಲ ಅವರನ್ನ ಸುಬೇದಾರ್ ಕಾಕಾ ಅಂತಲೇ ಕರೀತಾರೆ. ಹುಡುಗ ಯುನಿಟ್‌ಗೆ ಹೋಗೋ ಮುಂಚೆ ಅವರ ಆಶೀರ್ವಾದ ತಗೊಳ್ಳಲಿ ಅಂತ ಅಕ್ಕನೇ ಕರೆದುಕೊಂಡು ಹೋದಳು. ಸೀತನಿ ಕಾಲ. ಎಳೆ ಜೋಳದ ತೆನೆಯನ್ನ ಕುಳ್ಳಿನ ಕೆಂಡದಲ್ಲಿ ಸುಟ್ಟು, ಕೈಯಲ್ಲಿ ಉಜ್ಜಿ ಕಾಳು ಉದುರಿಸಿ, ಶೇಂಗಾ ಹಿಂಡಿ ಜೊತೆ ಕೊಟ್ಟರು. ಬಿಸಿಬಿಸಿ ಹಾಲಿನಂಥ ಕಾಳು. ತಿಂತಾ ನಾನೇ ಕೇಳಿದೆ, "ಕಾಕಾ, ಮೊದಲ ಸಲ ಗುಂಡಿನ ಸದ್ದು ಕೇಳಿದ್ದು ಎಲ್ಲಿ?"

"ಗುಂಡಿನ ಮಾತು ಬಿಡ್ರಿ. ಮೊದಲ ಟ್ರೇನಿನ ಮಾತು ಕೇಳ್ರಿ," ಅಂದರು.

1987ರಲ್ಲಿ ಭರ್ತಿ ಆದವರು ಅವರು. ಆಗ ವಯಸ್ಸು ಹತ್ತೊಂಬತ್ತು. ಅದಕ್ಕೆ ಮೊದಲು ಹುಬ್ಬಳ್ಳಿ ಕೂಡ ನೋಡಿರಲಿಲ್ಲ. ಎರಡು ವರ್ಷ ಆದ ಮೇಲೆ ರಜೆಗೆ ಬಂದಿದ್ದಾಗ ಯುನಿಟ್ ಮೇಲೆ ಹೋಗುತ್ತೆ ಅಂತ ಗೊತ್ತಾಯ್ತು. ಮೇಲೆ ಅಂದರೆ ಸಿಯಾಚಿನ್. ನಮ್ಮ ಸೈನ್ಯ 1984ರ ಏಪ್ರಿಲ್‌ನಲ್ಲಿ ಅಲ್ಲಿ ಹೋಗಿ ನಿಂತು ಆಗಿನ್ನೂ ಐದೇ ವರ್ಷ. ಹಳ್ಳಿಯಲ್ಲಿ ಆ ಹೆಸರು ಕೇಳಿದವರೇ ಇರಲಿಲ್ಲ. ಅವ್ವಂಗೆ 'ಕಾಶ್ಮೀರ' ಅಂದುಬಿಟ್ಟರಂತೆ.

"ಅವ್ವ ಎರಡು ದಿನ ಕೂತು ಐವತ್ತು ರೊಟ್ಟಿ ಬಡದಳು. ಖಡಕ್ ರೊಟ್ಟಿ. ಕರೆ ಟ್ರಂಕಿನ್ಯಾಗ ಅಪ್ಪನ ಹಳೇ ಧೋತ್ರ ಹಾಸಿ ಇಟ್ಟಳು. ನಾ ಬ್ಯಾಡ ಅಂದೆ, ಹುಡುಗೂರು ನಗ್ತಾರ ಅಂದೆ. ಕೇಳಲಿಲ್ಲ."

ರೈಲಿನಲ್ಲಿ ಚಂಡೀಗಢ. ಅಲ್ಲಿಂದ ಎಎನ್-32 ವಿಮಾನದಲ್ಲಿ ಲೇಹ್. ಬಸ್ಸಿನ ಸೀಟಿನ ಹಾಗೆ ಇರಬಹುದು ಅಂದುಕೊಂಡಿದ್ದರಂತೆ. ಒಳಗೆ ನೋಡಿದರೆ ಎರಡೂ ಬದಿ ಪಟ್ಟಿಯ ಬೆಂಚು, ನಡುವೆ ಸಾಮಾನು. ಇಳಿದ ಮೇಲೆ ಹತ್ತು ಹೆಜ್ಜೆಗೆ ಉಸಿರು ಸಿಗಲಿಲ್ಲ. ಲೇಹ್ ಸುಮಾರು 11,500 ಅಡಿ ಎತ್ತರ, ಅಲ್ವಾ? ಅಲ್ಲಿ ಆರು ದಿನ ಮೈ ಒಗ್ಗಿಸಬೇಕು. ಇನ್ನಷ್ಟು ಮೇಲೆ ಹೋದಾಗ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು. "ಮೊದಲ ಎರಡು ದಿನ ಸುಮ್ನ ಮಲಗು ಅಂದ್ರು. ಹೊಲದಾಗ ದುಡದ ಹುಡುಗ, ಹಗಲಿನ್ಯಾಗ ಮಲಗೂದು ಅಂದ್ರ ನಾಚಿಗಿ. ಎದ್ದು ಬಕೀಟ ಎತ್ತಿದೆ. ಕಣ್ಣಿಗಿ ಕತ್ತಲಿ ಬಂದು ಬಿದ್ದೆ."

ಇಲ್ಲಿ ಕಾಕಾ ನಮ್ಮ ಹುಡುಗನ ಕಡೆ ತಿರುಗಿದರು. "ನೀನೂ ಹಂಗ ಮಾಡಬ್ಯಾಡ. ಶಾಣ್ಯಾತನ ತೋರಸಾಕ ಹೋದವರ ಮೊದಲ ಬೀಳ್ತಾರ."

ಮೇಲಿನ ಪೋಸ್ಟಿಗೆ ಎಲ್ಲರೂ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ನಡೀತಿದ್ದರು. ಹಿಮದ ಕೆಳಗೆ ಬಿರುಕು ಇರುತ್ತೆ, ಕಾಣಲ್ಲ. ಒಬ್ಬ ಜಾರಿದರೆ ಉಳಿದವರು ಎಳೆದು ಹಿಡೀಬೇಕು. ಬಿಸಿಲಿಗೆ ಹಿಮ ಮೆತ್ತಗಾಗುತ್ತೆ ಅಂತ ಕತ್ತಲಲ್ಲೇ ಹೊರಡೋದು. ಪೋಸ್ಟ್ 19,000 ಅಡಿಯ ಹತ್ತಿರ. ಒಂದು ಗುಡಿಸಲು, ಎಂಟು ಜನ, ಸೀಮೆಎಣ್ಣೆ ಸ್ಟವ್. ಅದರ ಮೇಲೆ ಹಿಮ ಕಾಯಿಸಿದರೆ ನೀರು. ಉಗುಳಿದರೆ ಎಂಜಲು ಕಪ್ಪಗೆ ಬರ್ತಿತ್ತಂತೆ, ಅಷ್ಟು ಹೊಗೆ. ಬರಿಗೈಯಲ್ಲಿ ರೈಫಲ್ ಮುಟ್ಟಿದರೆ ಚರ್ಮ ಕಿತ್ತು ಬರುತ್ತೆ.

ರೊಟ್ಟಿ ಏನಾಯ್ತು ಅಂತ ಕೇಳಿದ್ದು ಅಕ್ಕ.

"ಮೇಲ ಹೋಗುವಾಗ ಒಂದೊಂದು ಗ್ರಾಮೂ ಲೆಕ್ಕ. ಟ್ರಂಕು ಕೆಳಗ ಉಳೀತು. ಆರು ರೊಟ್ಟಿ ಮಾತ್ರ ಬನೀನ್ ಮತ್ತ ಜರ್ಸಿ ನಡುವ ಎದಿಗಿ ಇಟಗೊಂಡು ಹೋದೆ. ಅಲ್ಲಿ ತತ್ತಿ ಕಲ್ಲಾಗಿತ್ತು. ಟೊಮ್ಯಾಟೊ ಕಲ್ಲಾಗಿತ್ತು. ಡಬ್ಬಿ ಒಳಗಿನ ಪಲ್ಯ ಕಲ್ಲು. ರೊಟ್ಟಿ ಮಾತ್ರ ಅವ್ವ ಹೆಂಗ ಕೊಟ್ಟಿದ್ದಳೋ ಹಂಗ ಇತ್ತು. ಅದರಾಗ ನೀರs ಇಲ್ಲಲ, ಹೆಪ್ಪುಗಟ್ಟಾಕ ಏನೈತಿ?"

ಆ ಎತ್ತರದಲ್ಲಿ ಹಸಿವೇ ಆಗಲ್ಲವಂತೆ. ಚಾಕೊಲೇಟು, ಗೋಡಂಬಿ ಮುಂದಿದ್ದರೂ ಬಾಯಿಗೆ ಹೋಗಲ್ಲ. ಕಾಕಾ ಒಂದು ರೊಟ್ಟಿ ತೆಗೆದು ಮುರಿದರು. ಆ ಲಟ್ ಅನ್ನೋ ಸದ್ದಿಗೆ ಮೂಲೆಯಲ್ಲಿ ಮಲಗಿದ್ದ ಸಾತಾರದ ಹುಡುಗ ತಟ್ಟನೆ ಎದ್ದು ಕೂತ. "ಭಾಕ್ರಿ!" ಅಂದ. ಮೂರು ದಿನದಿಂದ ಊಟ ಬಿಟ್ಟಿದ್ದವನು. ಎಂಟೂ ಜನ ಒಂದು ರೊಟ್ಟಿ ಹಂಚಿಕೊಂಡು ತಿಂದರು. ಅಂಗೈಯಲ್ಲಿ ಒಂದು ಚೂರು, ಅದರ ಮೇಲೆ ಚಿಟಿಕೆ ಹಿಂಡಿ. ಆಮೇಲೆ ಎರಡು ವಾರಕ್ಕೊಂದರಂತೆ ಮುರಿದು ಮೂರು ತಿಂಗಳು ಮುಗಿಸಿದರು. ಹೇಳುವಾಗ ಕಾಕಾ ಅಂಗೈ ಚಾಚಿ ಚೂರು ಎಷ್ಟಿತ್ತು ಅಂತ ಹೆಬ್ಬೆರಳಿನಿಂದ ಗುರುತು ಮಾಡಿದರು. ನಮ್ಮೂರಲ್ಲಿ ಪ್ರಸಾದಕ್ಕೆ ಕೊಡೋ ಕೊಬ್ಬರಿ ಚೂರಿನಷ್ಟು.

ಮನೆಗೆ ಪತ್ರ ಬರೀತಿದ್ದರು. ಪೆನ್ನಿನ ಶಾಯಿ ಗಟ್ಟಿಯಾಗ್ತಿತ್ತು. ರಿಫಿಲ್ಲನ್ನ ಸ್ಟವ್ ಮುಂದೆ ಹಿಡಿದು ಬಿಸಿ ಮಾಡಿ ಎರಡು ಸಾಲು, ಮತ್ತೆ ಬಿಸಿ ಮಾಡಿ ಎರಡು ಸಾಲು. ಹೆಲಿಕಾಪ್ಟರ್ ಬಂದಾಗ ಪತ್ರ ಕೆಳಗೆ ಹೋಗ್ತಿತ್ತು. ಮನೆಯಿಂದ ಬರೋದಕ್ಕೆ ವಿಳಾಸ ಬರೀ ಯುನಿಟ್ ಹೆಸರು, ಕೆಳಗೆ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಎಲ್ಲಿದ್ದಾನೆ ಅಂತ ಅದರಿಂದ ಯಾರಿಗೂ ತಿಳಿಯಲ್ಲ. ಅವ್ವಂಗೆ ಓದೋಕೆ ಬರಲ್ಲ, ಸಾಲಿ ಮಾಸ್ತರು ಓದಿ ಹೇಳೋರು. ಪ್ರತಿ ಪತ್ರದಲ್ಲೂ ಒಂದೇ ಮಾತು: "ಇಲ್ಲಿ ಥಂಡಿ ಸ್ವಲ್ಪ ಜಾಸ್ತಿ. ಊಟ ಚೊಲೋ ಐತಿ."

ಇಷ್ಟು ಹೇಳಿ ಕಾಕಾ ಸುಮ್ಮನಾದರು. ಕಥೆ ಮುಗೀತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವರೇ ಕೇಳಿದರು, "ಹಣಮಂತಪ್ಪ ಕೊಪ್ಪದ ನೆನಪ ಅದಾರೇನು?"

ಮರೆಯೋದು ಹೇಗೆ? 2016ರ ಫೆಬ್ರವರಿ 3. ಸಿಯಾಚಿನ್‌ನ ಪೋಸ್ಟ್ ಮೇಲೆ ಹಿಮ ಕುಸಿದು ಹತ್ತು ಜನ ಸಿಕ್ಕಿಕೊಂಡರು. ಲ್ಯಾನ್ಸ್ ನಾಯಕ್ ಹಣಮಂತಪ್ಪ ಧಾರವಾಡ ಜಿಲ್ಲೆಯ ಬೆಟದೂರಿನವರು. ಆರನೇ ದಿನ ಅಷ್ಟು ಅಡಿ ಹಿಮದ ಕೆಳಗಿನಿಂದ ಜೀವಂತ ಸಿಕ್ಕಿದರು. ಇಡೀ ಕರ್ನಾಟಕ ಟಿವಿ ಮುಂದೆ ಕೂತು ಬೇಡಿಕೊಳ್ತಿತ್ತು. ಫೆಬ್ರವರಿ 11ಕ್ಕೆ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

"ಆ ದಿವಸ ನಮ್ಮವ್ವನೂ ಟಿವಿ ಮುಂದ ಕೂತಿದ್ದಳು. ಬರೀ ಬಿಳೇದು ತೋರಸಾಕತ್ತಿದ್ರು. ಹಗ್ಗ ಕಟಗೊಂಡು ನಡಿಯೂದು ತೋರಿಸಿದ್ರು. ನನ್ನ ಕಡೆ ತಿರಗಿ, ನೀ ಇದ್ದದ್ದು ಇಂಥಾದ್ರಾಗ ಏನೋ ಅಂದಳು. ಇಪ್ಪತ್ತೇಳು ವರ್ಷ ಆಗಿತ್ತು. ಹೂಂ ಅಂದೆ. ಮತ್ತೊಂದು ಮಾತು ಆಡಲಿಲ್ಲ."

ಅಂದು ರಾತ್ರಿ ಕಾಕಾಗೆ ಎಚ್ಚರ ಆಯ್ತು. ಕಾಲ ಹತ್ತಿರ ಯಾರೋ ಕೂತಿದ್ದಾರೆ. ಅವ್ವ. ಹೊದಿಕೆ ಸರಿಸಿ ಬೆರಳು ಎಣಿಸ್ತಿದ್ದಾಳೆ, ಒಂದೊಂದಾಗಿ ಮುಟ್ಟಿ. ಚಳಿಗೆ ಬೆರಳು ಕೊಳೆತು ಹೋಗುತ್ತೆ ಅಂತ ಟಿವಿಯಲ್ಲಿ ಹೇಳಿದ್ದರಲ್ಲ. ಎಡಗಾಲಿನ ಕಿರುಬೆರಳಿಗೆ ಬಂದು ಅವಳ ಕೈ ನಿಂತಿತು. ಆ ಬೆರಳಿನ ತುದಿ ಇಲ್ಲ.

"ಬೂಟು ಕಡದು ಹೋತು ಅಂತ ಹೇಳಿದ್ದೆ ಆವಾಗ. ನಂಬಿದ್ದಳು. ಆ ಬೆರಳು ಮುಷ್ಟಿಯೊಳಗ ಹಿಡಕೊಂಡು ಎಷ್ಟು ಹೊತ್ತು ಕೂತಳೋ. ನಾ ಮಲಗಿದವರಂಗ ಇದ್ದೆ." ಅವರ ಅವ್ವ ಈಗಿಲ್ಲ. 2020ರಲ್ಲಿ ಹೋದರು.

ಯಾರೂ ಮಾತಾಡಲಿಲ್ಲ. ಅಕ್ಕನ ಕೈಯಲ್ಲಿ ಸೀತನಿ ಕಾಳು ಹಾಗೇ ಇತ್ತು. ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ, ಶಿವಮೊಗ್ಗದ ಮಾತು ಪೂರಾ ಹೋಗಿ ಈ ಕಡೆಯದೇ ಆಗಿದೆ ಅವಳಿಗೆ. ಮಗನ ಕಡೆ ತಿರುಗಿ ಕೇಳಿದಳು, "ನೀ ಪಂಜಾಬ ಅಂತ ಹೇಳಿದೆಲ್ಲ. ಖರೇ ಹೇಳು, ಎಲ್ಲಿ?"

ಹುಡುಗ ಕಾಕಾನ ಮುಖ ನೋಡಿದ. ಕಾಕಾ ತಲೆ ಆಡಿಸಿದರು. ಅವನು ಹೇಳಿದ. ಜಾಗದ ಹೆಸರು ನಾನು ಇಲ್ಲಿ ಬರೆಯೋದಿಲ್ಲ. ಪಂಜಾಬ್ ಅಲ್ಲ. ಅಕ್ಕ ಅಳಲಿಲ್ಲ. ಅದು ಎಲ್ಲಿದೆ ತೋರಿಸು ಅಂದಳು. ಕಾಕಾ ಕೆಂಡದ ಪಕ್ಕದ ಬೂದಿಯನ್ನ ಅಗಲ ಮಾಡಿ, ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ಇದು ದಿಲ್ಲಿ, ಇದು ಜಮ್ಮು, ಇಲ್ಲಿ ಹೊಳೆ, ಇಲ್ಲಿಂದ ಗಾಡಿ ಹೋಗುತ್ತೆ, ಇಲ್ಲಿಂದ ನಡಿಗೆ. ಅವಳು ಬಗ್ಗಿ ನೋಡಿ ಒಂದೊಂದೇ ಹೆಸರನ್ನ ತಿರುಗಿ ಹೇಳಿದಳು. ಅಗ್ನಿಪಥ ಯೋಜನೆಯಲ್ಲಿ ಸೇರಿದ ಇಂಥ ಹುಡುಗರ ಸೇವೆ ಬರೀ ನಾಲ್ಕು ವರ್ಷ, ನಾಲ್ವರಲ್ಲಿ ಒಬ್ಬರನ್ನ ಮಾತ್ರ ಮುಂದುವರಿಸ್ತಾರೆ ಅನ್ನೋ ಚಿಂತೆಯನ್ನೇ ಅವಳು ಅಲ್ಲಿವರೆಗೆ ಮಾತಾಡ್ತಿದ್ದಳು. ಆಮೇಲೆ ಅದರ ಮಾತೇ ಎತ್ತಲಿಲ್ಲ.

ಏಳುವಾಗ ಕೇಳಿದಳು, "ಕಾಕಾ, ರೊಟ್ಟಿ ಮುರೀಲಾರದಂಗ ಹೆಂಗ ಕಳಸೂದು?" ಪ್ಲಾಸ್ಟಿಕ್ ಬೇಡ, ಬೆವರಿ ಮೆತ್ತಗಾಗುತ್ತೆ ಅಂದರು ಕಾಕಾ. ತೊಳೆದು ಒಣಗಿಸಿದ ಧೋತ್ರ ಸುತ್ತಿ, ಟ್ರಂಕಿನ ನಡುವೆ, ಮೇಲೆ ಕೆಳಗೆ ಉಣ್ಣೆ ಬಟ್ಟೆ.

ಹೊರಡುವ ದಿನ ಬೆಳಗಾವಿ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಗೋವಾ ಎಕ್ಸ್‌ಪ್ರೆಸ್. ಕಪ್ಪು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ನನ್ನ ಬೆರಳಿಗೆ ಹತ್ತಿತು. ಪ್ಲಾಟ್‌ಫಾರ್ಮ್ ಮೇಲೆ ಅವನಂಥ ಹುಡುಗರು ಏಳೆಂಟು ಜನ. ಪ್ರತಿಯೊಬ್ಬನ ಸುತ್ತ ಒಂದು ಮನೆ. ಗಾಡಿ ಹೊರಟಾಗ ಅಕ್ಕ ಕೈ ಬೀಸಲಿಲ್ಲ. ಕಿಟಕಿಯ ಜೊತೆ ಸ್ವಲ್ಪ ದೂರ ನಡೆದಳು, ಅಷ್ಟೇ.

ನಾನು ಬೆಂಗಳೂರಿಗೆ ಬಂದು ಒಂಬತ್ತನೇ ದಿನ ಅವಳು ಫೋನ್ ಮಾಡಿದಳು. ಹುಡುಗ ಮುಟ್ಟಿದನಂತೆ. ಒಂದು ನಿಮಿಷ ಮಾತಾಡಿ ಇಟ್ಟನಂತೆ. ಏನಂದ ಅಂತ ಕೇಳಿದೆ.

"ನಲವತ್ತರೊಳಗ ಎರಡs ಮುರದಾವಂತ," ಅಂದಳು.