ಪೇರಾದೆನಿಯ ಸಸ್ಯೋದ್ಯಾನಕ್ಕೆ ಅರ್ಧ ದಿನ ಎತ್ತಿಡಿ

ಶ್ರೀಲಂಕಾ ಪ್ಯಾಕೇಜ್ ಪ್ರವಾಸಗಳಲ್ಲಿ ಪೇರಾದೆನಿಯದ ರಾಯಲ್ ಬೊಟಾನಿಕಲ್ ಗಾರ್ಡನ್‌ಗೆ ಸಾಮಾನ್ಯವಾಗಿ ಸಿಗುವುದು ಮುಕ್ಕಾಲು ಗಂಟೆ. ಆರ್ಕಿಡ್ ಮನೆ, ಒಂದು ಸಾಲು ಪಾಮ್ ಮರ, ನಾಲ್ಕು ಫೋಟೊ, ಮತ್ತೆ ಬಸ್ಸು. ಉದ್ಯಾನದ ವಿಸ್ತೀರ್ಣ 147 ಎಕರೆ. ಲಾಲ್‌ಬಾಗ್ 240 ಎಕರೆ ಎಂದು ನೆನೆದರೆ ಅಂದಾಜು ಸಿಗುತ್ತದೆ. ಇಲ್ಲಿಗೆ ಕನಿಷ್ಠ ಮೂರು ಗಂಟೆ ಬೇಕು, ಗಿಡಮರಗಳ ಒಲವಿದ್ದವರಿಗೆ ಐದು. ಪ್ಯಾಕೇಜಿನಲ್ಲಿ ಹೋಗುವವರು ಹೊರಡುವ ಮೊದಲೇ ಈ ಸಮಯವನ್ನು ಮಾತಾಡಿ ಗೊತ್ತುಮಾಡಿಕೊಳ್ಳಿ. ಅಲ್ಲಿ ಹೋದ ಮೇಲೆ ಚಾಲಕರ ಹತ್ತಿರ ಕೇಳಿದರೆ ದಿನದ ಲೆಕ್ಕವೆಲ್ಲ ತಪ್ಪುತ್ತದೆ.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ, ಸುಮಾರು ಒಂದೂವರೆ ಗಂಟೆ. ಹೊರಡುವ ಮುನ್ನ ಇಟಿಎ ಎಂಬ ಆನ್‌ಲೈನ್ ಅನುಮತಿ ಪಡೆಯಬೇಕು. ಅದನ್ನು ಶ್ರೀಲಂಕಾ ಸರ್ಕಾರದ ಜಾಲತಾಣದಲ್ಲೇ ಮಾಡಿಸಿ. ಅದರಂತೆಯೇ ಕಾಣುವ ಏಜೆಂಟರ ತಾಣಗಳು ಹೆಚ್ಚು ಹಣ ಕೀಳುತ್ತವೆ. ವಿಮಾನ ನಿಲ್ದಾಣವಿರುವುದು ಕಟುನಾಯಕೆಯಲ್ಲಿ. ಅಲ್ಲಿಂದ ಕೊಲಂಬೊ ನಗರಕ್ಕೆ ಇಳಿಯದೆ ನೇರವಾಗಿ ಉದ್ಯಾನಕ್ಕೆ ಹತ್ತಿರದ ನಗರವಾದ ಕ್ಯಾಂಡಿಗೆ ಹೋಗಬಹುದು, ಕಾರಿನಲ್ಲಿ ಮೂರರಿಂದ ಮೂರೂವರೆ ಗಂಟೆ.

ಉದ್ಯಾನ ಕ್ಯಾಂಡಿಯಿಂದ ಪಶ್ಚಿಮಕ್ಕೆ ಐದೂವರೆ ಕಿಲೋಮೀಟರ್, ಕೊಲಂಬೊ–ಕ್ಯಾಂಡಿ ಹೆದ್ದಾರಿಗೆ ತಾಗಿಕೊಂಡೇ ಇದೆ. ಕ್ಯಾಂಡಿಯಿಂದ ಕಡುಗನ್ನಾವ, ಕೇಗಾಲೆ ಕಡೆ ಹೋಗುವ ಬಸ್ಸುಗಳು ಮತ್ತು 1ನೇ ನಂಬರಿನ ಕೊಲಂಬೊ ಬಸ್ಸು ಈ ದಾರಿಯಲ್ಲೇ ಸಾಗುತ್ತವೆ. ಹತ್ತುವಾಗಲೇ ಕಂಡಕ್ಟರ್‌ಗೆ ‘ಬೊಟಾನಿಕಲ್ ಗಾರ್ಡನ್’ ಎಂದು ಹೇಳಿ. ಬರೀ ‘ಪೇರಾದೆನಿಯ’ ಎಂದರೆ ವಿಶ್ವವಿದ್ಯಾಲಯದ ಹತ್ತಿರವೋ ರೈಲ್ವೆ ಜಂಕ್ಷನ್ ಹತ್ತಿರವೋ ಇಳಿಸಿಬಿಡಬಹುದು. ಆಟೋಗೆ ಅಲ್ಲಿ ತ್ರೀವ್ಹೀಲರ್ ಎನ್ನುತ್ತಾರೆ. ಪಿಕ್‌ಮಿ ಆ್ಯಪ್‌ನಲ್ಲಿ ದರ ನೋಡಿಕೊಂಡು ಹತ್ತಿದರೆ ಚೌಕಾಸಿಯ ತಲೆನೋವಿಲ್ಲ. ರೈಲಿನಲ್ಲಿ ಬರುವ ಆಸೆಯಿದ್ದರೆ ಹಿಂದಿನ ದಿನವೇ ರೈಲು ಓಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕಡುಗನ್ನಾವದ ಏರಿನಲ್ಲಿ ಹಳಿ ಗುಡ್ಡವನ್ನು ಬಳಸಿ ಏರುತ್ತದೆ, ಜೋರು ಮಳೆಗೆ ಅಲ್ಲಿ ಮಣ್ಣು ಜಾರುವುದುಂಟು.

ಮಳೆಯ ಲೆಕ್ಕ ಮುಖ್ಯ. ಜನವರಿಯಿಂದ ಮಾರ್ಚ್‌ವರೆಗೆ ಒಣ ಹವೆ. ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನವಾದರೆ ಗುಡುಗು ಮಳೆ ಹೊಡೆಯುತ್ತದೆ. ಹೀಗಾಗಿ ಯಾವ ತಿಂಗಳಾದರೂ ಬೆಳಿಗ್ಗೆ 7.30ಕ್ಕೆ ಬಾಗಿಲು ತೆರೆಯುವಾಗಲೇ ಒಳಹೋಗುವುದು ಒಳ್ಳೆಯದು. ಭಾನುವಾರ ಮತ್ತು ಪೋಯ ಎಂಬ ಹುಣ್ಣಿಮೆ ರಜೆಯಂದು ಹುಲ್ಲುಹಾಸಿನ ತುಂಬ ಜನ. ವಿದೇಶಿಯರ ಟಿಕೆಟ್ ಸ್ಥಳೀಯರದಕ್ಕಿಂತ ಹಲವು ಪಟ್ಟು ದುಬಾರಿ, ದರವೂ ಆಗಾಗ ಏರುತ್ತದೆ. ಹೊರಡುವ ವಾರ ನೋಡಿಕೊಂಡು ಶ್ರೀಲಂಕಾ ರೂಪಾಯಿಯಲ್ಲೇ ನಗದು ಇಟ್ಟುಕೊಳ್ಳಿ. ತಲೆಗೊಂದು ಲೀಟರ್ ನೀರು, ಟೊಪ್ಪಿ ಅಥವಾ ಕೊಡೆ, ಒದ್ದೆ ಹುಲ್ಲಿಗೆ ಒಗ್ಗುವ ಬೂಟು ಇರಲಿ. ಹಿರಿಯರಿದ್ದರೆ ಬ್ಯಾಟರಿ ಗಾಡಿಯನ್ನು ಬಾಗಿಲಲ್ಲೇ ವಿಚಾರಿಸಿ. ಅರ್ಧ ದಾರಿಯಲ್ಲಿ ಸುಸ್ತಾದ ಮೇಲೆ ಹುಡುಕಿದರೆ ಸಿಗುವುದು ಕಷ್ಟ.

ಮಹಾವೇಲಿ ನದಿ ಉದ್ಯಾನವನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. 18ನೇ ಶತಮಾನದ ದೊರೆ ಕೀರ್ತಿ ಶ್ರೀ ರಾಜಸಿಂಹನ ಕಾಲದಲ್ಲಿ ಇದು ಕ್ಯಾಂಡಿ ಅರಸರ ತೋಟವಾಗಿತ್ತು. ಬ್ರಿಟಿಷರ ಸಸ್ಯೋದ್ಯಾನ ಮೊದಲು ಕೊಲಂಬೊದಲ್ಲಿದ್ದು, ಆಮೇಲೆ ಕಳುತರಕ್ಕೆ ಹೋಗಿ, 1821ರಲ್ಲಿ ಅದರ ಮೇಲ್ವಿಚಾರಕ ಅಲೆಕ್ಸಾಂಡರ್ ಮೂನ್ ಅವರ ಕೈಯಲ್ಲಿ ಇಲ್ಲಿಗೆ ಬಂತು. ಪೇರಾದೆನಿಯ ಎಂದರೆ ಪೇರಲೆಯ ಬಯಲು. ಸಿಂಹಳದ ‘ಪೇರ’ವೂ ಕರಾವಳಿಯ ನಮ್ಮ ‘ಪೇರಳೆ’ಯೂ ಪೋರ್ಚುಗೀಸರ ಜತೆ ಬಂದ ಒಂದೇ ಪದ.

ಒಳಗೆ ಹೋದವರು ಮೊದಲು ಆರ್ಕಿಡ್ ಮನೆಗೆ ನುಗ್ಗುತ್ತಾರೆ. ಅದಕ್ಕೆ ನೆರಳಿದೆ, ಕೊನೆಯಲ್ಲೂ ನೋಡಬಹುದು. ಬೆಳಗಿನ ತಂಪನ್ನು ದೊಡ್ಡ ಹುಲ್ಲುಹಾಸಿಗೂ ಪಾಮ್ ಸಾಲುಗಳಿಗೂ ಇಡಿ, ಬಿಸಿಲೇರಿದರೆ ಅಲ್ಲಿ ನಿಲ್ಲಲಾಗದು. ಹುಲ್ಲುಹಾಸಿನ ನಡುವಿನ ಜಾವಾ ಅತ್ತಿ ಈ ಉದ್ಯಾನದ ಹೆಮ್ಮೆ. ಆಲದಂತೆ ಇದು ಬಿಳಲುಗಳನ್ನು ಕಂಬವಾಗಿ ಇಳಿಸಿಲ್ಲ. ತೋಳಿನಂಥ ಕೊಂಬೆಗಳನ್ನು ನೆಲಕ್ಕೆ ಸಮವಾಗಿ ಚಾಚಿ ನಿಂತಿದೆ. ಫೋಟೊ ತೆಗೆಯುವವರು ದೂರ ಸರಿಯಿರಿ, ಹತ್ತಿರದಿಂದ ಅರ್ಧ ಮರವೂ ಸಿಗುವುದಿಲ್ಲ. ಬೇರುಗಳ ಮೇಲೆ ಹತ್ತಬೇಡಿ, ತುಳಿತಕ್ಕೆ ಮಣ್ಣು ಗಟ್ಟಿಯಾದರೆ ಬೇರಿಗೆ ಉಸಿರಿಲ್ಲ.

ನಾಗಲಿಂಗದ ಮರದ ಹತ್ತಿರ ಕನ್ನಡಿಗರು ಸ್ವಲ್ಪ ನಿಲ್ಲಬೇಕು. 1901ರಲ್ಲಿ, ಮುಂದೆ ಐದನೇ ಜಾರ್ಜ್ ದೊರೆಯಾದವರು ಮತ್ತು ಅವರ ಪತ್ನಿ ಮೇರಿ ನೆಟ್ಟ ಮರವಿದು. ಹೆಡೆಯಡಿಯ ಲಿಂಗವನ್ನು ನಾವು ಕಾಣುವ ಅದೇ ಹೂವಿನಲ್ಲಿ ಸಿಂಹಳ ಬೌದ್ಧರು ಸ್ತೂಪವನ್ನೂ ಅದರ ಸುತ್ತ ಕೈಮುಗಿದವರನ್ನೂ ಕಾಣುತ್ತಾರೆ. ಅವರು ಇದನ್ನು ‘ಸಾಲ್’ ಎಂದು ಕರೆಯುತ್ತಾರೆ, ಆದರೆ ಬುದ್ಧನ ಕಥೆಯ ಸಾಲವೃಕ್ಷ ಬೇರೆಯೇ ಜಾತಿ. ನಾಗಲಿಂಗದ ಮೂಲ ದಕ್ಷಿಣ ಅಮೆರಿಕ. ಕಾಯಿ ತೋಪಿನ ಗುಂಡಿನಂತೆ ದುಂಡಗೆ, ದೊಡ್ಡದು, ಯಾವಾಗ ಬೀಳುತ್ತದೆಂದು ಹೇಳಲಾಗದು. ಮಕ್ಕಳನ್ನು ಬುಡದಲ್ಲಿ ನಿಲ್ಲಿಸಬೇಡಿ.

ಜೋಡಿ ತೆಂಗಿನ ಸಾಲನ್ನು ಬಹಳ ಜನ ತಾಳೆ ಮರವೆಂದುಕೊಂಡು ದಾಟಿಬಿಡುತ್ತಾರೆ. ಸೇಶೆಲ್ಸ್ ದ್ವೀಪಗಳಿಂದ ಬಂದ ಇದರ ಒಂದು ಕಾಯಿ 15–20 ಕಿಲೋ ತೂಗುತ್ತದೆ, ಬಲಿಯಲು ಆರೇಳು ವರ್ಷ. ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ತಲೆಯೆತ್ತಿ ನೋಡಿದರೆ ಕಾಯಿ ಯಾವುದಕ್ಕಿದೆ ಎಂಬುದರಿಂದಲೇ ಗೊತ್ತಾಗುತ್ತದೆ. ಸಮುದ್ರದಲ್ಲಿ ತೇಲಿ ಬಂದ ಇದರ ಚಿಪ್ಪೇ ನಮ್ಮ ಸನ್ಯಾಸಿಗಳ ಕೈಯಲ್ಲಿ ಕಮಂಡಲವಾಯಿತು. ಶ್ರೀತಾಳೆಯೂ ಇಲ್ಲಿದೆ. ಮೂವತ್ತರಿಂದ ಎಂಬತ್ತು ವರ್ಷ ಬೆಳೆದು, ಒಮ್ಮೆ ಮಾತ್ರ ನೆತ್ತಿಯ ತುಂಬ ಹೂಬಿಟ್ಟು ಸಾಯುವ ಮರ. ಹೂವಾದ ಶ್ರೀತಾಳೆ ಇದೆಯೇ ಎಂದು ಮಾಲಿಗಳನ್ನು ಕೇಳಿ. ಇದ್ದರೆ ಉಳಿದದ್ದನ್ನು ಬಿಟ್ಟಾದರೂ ನೋಡಿ.

ನದಿದಂಡೆಯ ದೈತ್ಯ ಬಿದಿರು ಮಳೆಗಾಲದಲ್ಲಿ ದಿನಕ್ಕೆ ಒಂದಡಿಯವರೆಗೂ ಏರುತ್ತದೆ. ಅಲ್ಲೇ ತೂಗುಸೇತುವೆಯಿದೆ, ಒಮ್ಮೆಗೆ ಎಷ್ಟು ಜನ ಎಂಬ ಸೂಚನೆ ಮೀರಬೇಡಿ. ಮರದ ತುದಿಗಳಲ್ಲಿ ನೇತಾಡುವ ದೊಡ್ಡ ತೊಗಲು ಬಾವಲಿಗಳ ಕೆಳಗೆ ನಿಂತು ಫೋಟೊ ತೆಗೆಯುವವರಿಗೆ ಟೊಪ್ಪಿ ಕಡ್ಡಾಯ. ಸೊಟ್ಟಗೆ ಬೆಳೆದ ಕುಕ್ ಪೈನ್ ಸಾಲನ್ನೂ ಗಮನಿಸಿ. ಈ ಜಾತಿ ಭೂಮಧ್ಯರೇಖೆಯ ಕಡೆಗೆ ವಾಲುವುದು ಅನೇಕ ದೇಶಗಳಲ್ಲಿ ಕಂಡುಬಂದಿದೆ.

ಕೊಡಗು, ಚಿಕ್ಕಮಗಳೂರು, ಹಾಸನದಿಂದ ಹೋಗುವ ಬೆಳೆಗಾರರಿಗೆ ಈ ಜಾಗದ ಜತೆ ಇನ್ನೊಂದು ನಂಟಿದೆ. 1869ರ ಹೊತ್ತಿಗೆ ಸಿಲೋನಿನ ಕಾಫಿ ಎಲೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು. ಆ ಎಲೆಗಳನ್ನು ಪರೀಕ್ಷೆಗೆಂದು ಇಂಗ್ಲೆಂಡಿಗೆ ಕಳಿಸಿದವರು ಇಲ್ಲಿನ ನಿರ್ದೇಶಕರಾಗಿದ್ದ ಥ್ವೇಟ್ಸ್. ಅದೇ ಎಲೆ ತುಕ್ಕು ರೋಗ, ಇಂದಿಗೂ ನಮ್ಮಲ್ಲಿ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವುದು ಇದಕ್ಕಾಗಿಯೇ. ಸುಮಾರು ಎರಡು ದಶಕಗಳಲ್ಲಿ ದ್ವೀಪದ ಕಾಫಿ ಬಹುಪಾಲು ಅಳಿದು, ಆ ಗುಡ್ಡಗಳಿಗೆ ಚಹಾ ಏರಿತು. ಚೀನಾದಿಂದ ಬಂದ ಚಹಾ ಗಿಡವನ್ನು 1824ರಲ್ಲೇ ಇದೇ ಉದ್ಯಾನದಲ್ಲಿ ನೆಟ್ಟಿದ್ದರು.

ಜಾಯಿಕಾಯಿ, ಲವಂಗ, ದಾಲ್ಚಿನ್ನಿ ಮರಗಳನ್ನು ಉದ್ಯಾನದ ಮಸಾಲೆ ವಿಭಾಗದಲ್ಲೇ ನೋಡಿ. ಹೆದ್ದಾರಿ ಬದಿಯ ‘ಸ್ಪೈಸ್ ಗಾರ್ಡನ್’ಗಳಲ್ಲಿ ಉಚಿತ ಪರಿಚಯದ ಕೊನೆಗೆ ದುಬಾರಿ ಎಣ್ಣೆ, ಮುಲಾಮು ಕೊಳ್ಳುವ ಒತ್ತಾಯ ಕಾದಿರುತ್ತದೆ. ದಾಲ್ಚಿನ್ನಿ ಬೇಕಿದ್ದರೆ ಕ್ಯಾಂಡಿ ಮಾರುಕಟ್ಟೆಗೆ ಹೋಗಿ. ತೆಳು ಪದರಗಳು ಒಂದರೊಳಗೊಂದು ಸುತ್ತಿದ್ದು, ಬೆರಳಲ್ಲಿ ಮುರಿಯುವಂತಿದ್ದರೆ ಅಸಲಿ. ದಪ್ಪ ಒಂಟಿ ತೊಗಟೆ ಕ್ಯಾಸಿಯಾ ಎಂಬ ಬೇರೆ ಜಾತಿಯದು.

ಊಟದ ಪೊಟ್ಟಣವನ್ನು ಮರದಡಿ ಬಿಚ್ಚಿದರೆ ಕೋತಿಗಳು ಬರುತ್ತವೆ. ಹೊರಗೆ ಊಟ ಮಾಡುವ ಸಸ್ಯಾಹಾರಿಗಳು ಕಾಯಿ ಚಟ್ನಿಯಂತೆ ಕಾಣುವ ಪೊಲ್ ಸಂಬೋಲ್ ಬಗ್ಗೆ ಎಚ್ಚರವಾಗಿರಿ, ಅದಕ್ಕೆ ಉಂಬಲಕಡ ಎಂಬ ಒಣಮೀನಿನ ಪುಡಿ ಹಾಕುವುದು ಸಾಮಾನ್ಯ. ‘ಮಾಳು ಎಪಾ’, ಮೀನು ಬೇಡ, ಎಂದು ಮೊದಲೇ ಹೇಳಿ. ಅಲ್ಲಿನ ಶಾಲೆಗಳು ಮಧ್ಯಾಹ್ನ ಒಂದೂವರೆಗೆ ಬಿಡುತ್ತವೆ, ಆ ಹೊತ್ತಿನಲ್ಲಿ ಕ್ಯಾಂಡಿ ರಸ್ತೆ ಕಟ್ಟಿಕೊಳ್ಳುತ್ತದೆ. ಮಧ್ಯಾಹ್ನ ಒಂದು ಗಂಟೆ ಹೊಡೆಯುವುದರೊಳಗೆ ಹೊರಡಿ, ಇಲ್ಲವಾದರೆ ಎರಡೂವರೆವರೆಗೆ ಒಳಗೇ ಉಳಿದು ಆರ್ಕಿಡ್ ಮನೆಯನ್ನು ನಿಧಾನವಾಗಿ ನೋಡಿ.